ರೋಗ ಅರ್ಥವಾಗದೆ ಔಷಧಿ ಅರ್ಥವಾದೀತೇ?

ನಮಗೆ ಪರಿಚಯವಿರುವ ಒಂದು ಕುಟುಂಬದಲ್ಲಿ, ಮದುವೆಯಾಗಿ ಎರಡು ವರ್ಷಗಳ ಬಳಿಕ ಹುಟ್ಟಿದ ಹೆಣ್ಣು ಮಗು ಎಂಟನೆಯ ತಿಂಗಳಿಗೇ ಬಿಳಿಚಿಕೊಳ್ಳತೊಡಗಿತು. ಹಾಲು ಕುಡಿಯದು, ನಗದು, ಸದಾ ಸುಸ್ತು. ದೃಷ್ಟಿ ತೆಗೆದದ್ದಾಯಿತು, ಟಾನಿಕ್ ಕುಡಿಸಿದ್ದಾಯಿತು. ಕೊನೆಗೆ ನಗರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಅದು ಥಲಸ್ಸೀಮಿಯಾ ಎಂದು ತಿಳಿಯಿತು. ಇನ್ನು ಜೀವನಪರ್ಯಂತ ಮೂರು ನಾಲ್ಕು ವಾರಗಳಿಗೊಮ್ಮೆ ಮಗುವಿಗೆ ರಕ್ತ ಕೊಡಿಸುತ್ತಿರಬೇಕು. ಹಾಗೆ ಕೊಟ್ಟ ರಕ್ತದಿಂದ ದೇಹದಲ್ಲಿ ಶೇಖರವಾಗುವ ಕಬ್ಬಿಣದ ಅಂಶವನ್ನು ಹೊರಹಾಕಲು ಬೇರೆ ಮಾತ್ರೆ ನುಂಗಿಸಬೇಕು. ವೈದ್ಯರು ಅವಸರದವರಲ್ಲ. ಹೊರಗೆ ರೋಗಿಗಳ ಸಾಲು ಇದ್ದರೂ ತಂದೆ ತಾಯಿಯನ್ನು ಕುಳ್ಳಿರಿಸಿಕೊಂಡು, ಔಷಧಿ ಚೀಟಿಯ ಹಿಂಬದಿಯಲ್ಲಿ ನಾಲ್ಕು ವೃತ್ತ ಬರೆದರು. ಒಂದನ್ನು ಪೂರ್ತಿ ಕಪ್ಪಾಗಿಸಿದರು, ಎರಡನ್ನು ಅರ್ಧ ಕಪ್ಪಾಗಿಸಿದರು, ಒಂದನ್ನು ಖಾಲಿ ಬಿಟ್ಟರು. "ನೀವಿಬ್ಬರೂ ವಾಹಕರು. ನಾಲ್ಕರಲ್ಲಿ ಒಂದು ಮಗುವಿಗೆ ಈ ರೋಗ ಬರುವ ಸಾಧ್ಯತೆ ಇದೆ" ಎಂದರು.

ಆ ಚೀಟಿ ಮನೆಗೆ ಬಂತು. ದಾದಿ, ಚಾಚಾ, ಫೂಫಿ ಎಲ್ಲರೂ ಕೂಡಿ ಅದನ್ನು ನೋಡಿದರು. ನಾಲ್ಕು ವೃತ್ತ ಎಂದರೆ ನಾಲ್ಕು ಮಕ್ಕಳು. ಕಪ್ಪು ವೃತ್ತ ಈಗಾಗಲೇ ಹುಟ್ಟಿಯಾಯಿತು. ಇನ್ನು ಮೂರು ಮಕ್ಕಳು ಕ್ಷೇಮ. ಅಲ್ಲಾಹನ ಮೇಲೆ ಭರವಸೆಯಿಡಿ ಎಂದು ದಾದಿ ಸಮಾಧಾನ ಹೇಳಿದರು. ಎರಡು ವರ್ಷದ ಬಳಿಕ ಗಂಡು ಮಗು ಹುಟ್ಟಿತು. ಅದಕ್ಕೂ ಥಲಸ್ಸೀಮಿಯಾ.

ಈಗ ಮನೆಯಲ್ಲಿ ಮಾತು ಬದಲಾಯಿತು. ನಾಲ್ಕರಲ್ಲಿ ಒಂದು ಎಂದು ಹೇಳಿದ ವೈದ್ಯರು ಸುಳ್ಳುಗಾರರಾದರು. ಸೊಸೆಯ ಕಾಲ್ಗುಣದ ಪ್ರಸ್ತಾಪ ಬಂತು. ಮಗನಿಗೆ ಇನ್ನೊಂದು ಮದುವೆ ಮಾಡಿಸಿದರೆ ಹೇಗೆ ಎಂಬ ಪಿಸುಮಾತು ಅಡುಗೆಮನೆಯವರೆಗೂ ತಲುಪಿತು. ಮಗನೂ ಅಷ್ಟೇ ವಾಹಕನೆಂಬುದು ಆ ಪಿಸುಮಾತಿನಲ್ಲಿ ಎಲ್ಲಿಯೂ ಇರಲಿಲ್ಲ.

ಈ ಕುಟುಂಬವನ್ನು ಅಜ್ಞಾನಿಗಳೆಂದು ಜರೆಯುವುದು ಬಹಳ ಸುಲಭ. ಆದರೆ ಆ ಚೀಟಿಯನ್ನು ನಾವೂ ಕಂಡಿದ್ದೇವೆ. ಪದವೀಧರರಾದ ನಾವೂ ಅದನ್ನು ಹಾಗೆಯೇ ಓದುತ್ತಿದ್ದೆವೇನೋ! ನಾಲ್ಕು ವೃತ್ತ ಬರೆದರೆ ಅದು ನಾಲ್ಕು ಮಕ್ಕಳಂತೆಯೇ ಕಾಣುತ್ತದೆ. ಪ್ರತಿಯೊಂದು ಬಸಿರಿನಲ್ಲಿಯೂ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ, ಹಿಂದಿನ ಮಗು ಹೇಗಿತ್ತೆಂಬುದಕ್ಕೂ ಮುಂದಿನ ಮಗುವಿಗೂ ಸಂಬಂಧವಿಲ್ಲ ಎಂಬುದನ್ನು ನಿಂತ ಚಿತ್ರ ಹೇಳಲಾರದು. ಅದು ನಿಂತೇ ಇರುತ್ತದಲ್ಲವೇ?

ಇದನ್ನೇ ಚಲಿಸುವ ಚಿತ್ರದಲ್ಲಿ ಊಹಿಸಿಕೊಳ್ಳಿ. ತಂದೆಯ ಅಂಗೈಯಲ್ಲಿ ಎರಡು ಮಣಿ, ಒಂದು ಬಿಳಿ, ಒಂದು ಕೆಂಪು. ತಾಯಿಯ ಅಂಗೈಯಲ್ಲಿಯೂ ಹಾಗೆಯೇ ಎರಡು. ಇಬ್ಬರೂ ಕಣ್ಮುಚ್ಚಿ ಒಂದೊಂದು ಮಣಿಯನ್ನು ತೊಟ್ಟಿಲಿಗೆ ಹಾಕುತ್ತಾರೆ. ಎರಡೂ ಕೆಂಪು ಬಿದ್ದರೆ ಮಗುವಿಗೆ ರೋಗ. ಒಂದು ಬಿಳಿ ಒಂದು ಕೆಂಪು ಬಿದ್ದರೆ ಮಗು ತಂದೆ ತಾಯಿಯಂತೆಯೇ ಆರೋಗ್ಯವಾಗಿರುವ ವಾಹಕ. ಎರಡೂ ಬಿಳಿ ಬಿದ್ದರೆ ಏನೂ ಇಲ್ಲ. ಅನಂತರ, ಮುಖ್ಯ ಸಂಗತಿಯೇ ಇದು, ಅದೇ ಅಂಗೈಗಳು ಮತ್ತೆ ತೆರೆದುಕೊಳ್ಳುತ್ತವೆ. ಅಲ್ಲಿ ಪುನಃ ಒಂದು ಬಿಳಿ, ಒಂದು ಕೆಂಪು ಇರುತ್ತದೆ! ಕೆಂಪು ಮಣಿ ಖರ್ಚಾಗಿ ಹೋಗಿಲ್ಲ. ಎರಡನೆಯ ಮಗುವಿನ ಸರದಿಯೂ ಮೊದಲನೆಯದರಂತೆಯೇ. ಅರ್ಧ ನಿಮಿಷದಲ್ಲಿ ತೋರಿಸಬಹುದಾದ ಈ ಸಂಗತಿಯನ್ನು ಅರ್ಧ ಗಂಟೆ ಭಾಷಣ ಮಾಡಿದರೂ ತಿಳಿಸುವುದು ಕಷ್ಟ. ಸೊಸೆಯ ಕೈಯಲ್ಲಿರುವಷ್ಟೇ ಕೆಂಪು ಮಣಿ ಮಗನ ಕೈಯಲ್ಲಿಯೂ ಇದೆಯೆಂಬುದನ್ನು ದಾದಿಗೆ ಯಾರೂ ವಾದಿಸಿ ಒಪ್ಪಿಸಬೇಕಾಗಿಯೂ ಇಲ್ಲ.

ಅನಿಮೇಶನ್ ಎಂದೊಡನೆ ಮಕ್ಕಳ ಕಾರ್ಟೂನ್ ಎಂದು ನಗುವವರಿದ್ದಾರೆ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದನ್ನೂ ಕಣ್ಣಿಗೆ ಕಾಣದಷ್ಟು ನಿಧಾನವಾದುದನ್ನೂ ತೋರಿಸಲು ಅದರಷ್ಟು ಸಮರ್ಥ ಸಾಧನ ಇನ್ನೊಂದಿಲ್ಲ. ಕ್ಷಯರೋಗವನ್ನೇ ನೋಡಿ. ಸಾಮಾನ್ಯ ಚಿಕಿತ್ಸೆ ಆರು ತಿಂಗಳದ್ದು. ಎರಡನೆಯ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ, ರೋಗಿ ಮಾತ್ರೆ ಬಿಡುತ್ತಾನೆ. ಶ್ವಾಸಕೋಶದ ಮೂಲೆಯಲ್ಲಿ ಇನ್ನೂ ಉಳಿದಿರುವ ರೋಗಾಣುಗಳು ಅವನಿಗೆ ಕಾಣವು. ಸಕ್ಕರೆ ಕಾಯಿಲೆಯದ್ದೂ ಇದೇ ಕಥೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ 10.1 ಕೋಟಿ ಸಕ್ಕರೆ ರೋಗಿಗಳಿದ್ದಾರೆಂದೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿದೆ. ಇವರಲ್ಲಿ ಎಷ್ಟು ಮಂದಿಗೆ ಮೂತ್ರಪಿಂಡದ ಸೂಕ್ಷ್ಮ ಜಾಲರಿ ವರ್ಷಗಟ್ಟಲೆ ಸದ್ದಿಲ್ಲದೆ ಹೇಗೆ ಸವೆಯುತ್ತದೆಂಬ ಕಲ್ಪನೆಯಿದೆ? ನೋವಿಲ್ಲದ್ದು ರೋಗವೇ ಅಲ್ಲ ಎಂದು ನಂಬಿದವರು ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ಮೊದಲ ಬಾರಿಗೆ ಪ್ರಶ್ನೆ ಕೇಳುತ್ತಾರೆ.

ಇದು ನಮ್ಮ ಊಹೆ ಮಾತ್ರವಲ್ಲ. ನೆದರ್ಲೆಂಡ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ಬಗ್ಗೆ 200ಕ್ಕೂ ಹೆಚ್ಚು ಹಿರಿಯರಿಗೆ ಒಂದೇ ಮಾಹಿತಿಯನ್ನು ಬೇರೆ ಬೇರೆ ರೂಪಗಳಲ್ಲಿ ಕೊಟ್ಟು ನೋಡಲಾಯಿತು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಆರೋಗ್ಯದ ವಿಷಯಗಳನ್ನು ಓದಿ ಅರಿಯುವ ಶಕ್ತಿ ಕಡಿಮೆಯಿದ್ದವರು ಕೂಡ ಅನಿಮೇಶನ್ನಿನ ಜೊತೆ ಮಾತು ಕೇಳಿಸಿಕೊಂಡಾಗ, ಚೆನ್ನಾಗಿ ಓದಬಲ್ಲವರಷ್ಟೇ ನೆನಪಿಟ್ಟುಕೊಂಡರು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಚಿತ್ರ ಮಾತ್ರ ಸಾಲದು, ಪರದೆಯ ಮೇಲೆ ಅಕ್ಷರ ಹಾಕಿದರೂ ಸಾಲದು, ಮಾತು ಬೇಕು.

ಯಾವ ಭಾಷೆಯ ಮಾತು? ಪ್ರಶ್ನೆ ನಮ್ಮ ಮನೆಗೆ ಬರುವುದು ಇಲ್ಲಿ. ಕರ್ನಾಟಕದ ಮುಸ್ಲಿಮರ ಮನೆಮಾತು ಒಂದಲ್ಲ. ಕರಾವಳಿಯಲ್ಲಿ ಬ್ಯಾರಿ, ಭಟ್ಕಳದಲ್ಲಿ ನವಾಯತಿ, ಬಯಲುಸೀಮೆಯಿಂದ ಬೀದರ್‌ವರೆಗೆ ದಖ್ಖನಿ ಉರ್ದು, ಗಡಿಭಾಗಗಳಲ್ಲಿ ಮಲಯಾಳಮ್, ಅನೇಕ ಹಳ್ಳಿಗಳಲ್ಲಿ ಕನ್ನಡವೇ. ಆರೋಗ್ಯ ಇಲಾಖೆಯ ಕರಪತ್ರಗಳು ಕನ್ನಡದಲ್ಲಿರುತ್ತವೆ, ಆಗಾಗ ಉರ್ದುವಿನಲ್ಲೂ ಇರುತ್ತವೆ. ಆದರೆ ಅವು ಕಚೇರಿಯ ಕನ್ನಡ ಮತ್ತು ಕಚೇರಿಯ ಉರ್ದು. ನಮ್ಮ ಎಷ್ಟೋ ಹಿರಿಯ ಮಹಿಳೆಯರು ಮದ್ರಸದಲ್ಲಿ ಕಲಿತ ಅರಬಿ ಅಕ್ಷರಗಳನ್ನು ನಿರರ್ಗಳವಾಗಿ ಓದುತ್ತಾರೆ, ಆದರೆ ಮಾತ್ರೆಯ ಡಬ್ಬದ ಮೇಲಿನ ಒಂದು ಪದವನ್ನೂ ಓದಲಾರರು. ಬ್ಯಾರಿಯಲ್ಲಿ ಒಂದು ಕರಪತ್ರ ಮುದ್ರಿಸುವುದಾದರೆ ಯಾವ ಲಿಪಿಯಲ್ಲಿ ಎಂಬ ಚರ್ಚೆಯೇ ಮುಗಿಯದು. ಅನಿಮೇಶನ್ನಿಗೆ ಈ ತಕರಾರಿಲ್ಲ. ಚಿತ್ರ ಒಂದೇ, ದನಿ ಬದಲಾಯಿಸಿದರೆ ಸಾಕು. ಬ್ಯಾರಿ ಬಲ್ಲ ಒಬ್ಬ ನರ್ಸ್, ನವಾಯತಿ ಬಲ್ಲ ಒಬ್ಬ ಶಿಕ್ಷಕಿ ಸಿಕ್ಕಿದರೆ ಒಂದು ಸಂಜೆಯ ಕೆಲಸ.

2011ರಲ್ಲಿ ಹೊರಬಂದ ಕಾಲರಾ ಕುರಿತ ಕಿರುಚಿತ್ರ ಹೀಗೆಯೇ ಹಲವು ಭಾಷೆಗಳನ್ನು ದಾಟಿತು. 2010ರಲ್ಲಿ ಹೈಟಿಯಲ್ಲಿ ಕಾಲರಾ ಹಬ್ಬಿದ ಬಳಿಕ ಗ್ಲೋಬಲ್ ಹೆಲ್ತ್ ಮೀಡಿಯಾ ಪ್ರಾಜೆಕ್ಟ್ ಎಂಬ ಸಂಸ್ಥೆ ಅದನ್ನು ತಯಾರಿಸಿತು. ಒಬ್ಬ ಬಾಲಕ, ಕಾಯಿಲೆ ಬಿದ್ದ ತಂದೆ, ಒಬ್ಬ ಆರೋಗ್ಯ ಕಾರ್ಯಕರ್ತೆ. ಕಾಣದ ರೋಗಾಣುಗಳನ್ನು ಕಾಣುವ ಚುಕ್ಕೆಗಳಾಗಿಸಿ, ಅವು ನೀರಿನಿಂದ ಬಾಯಿಗೆ ಸಾಗುವ ದಾರಿಯನ್ನು ತೋರಿಸುವುದಷ್ಟೇ ಅದರ ಜಾಣ್ಮೆ. 2020ರ ಮಾರ್ಚ್‌ನಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವೈದ್ಯೆ ಮಾಯಾ ಆ್ಯಡಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊರೋನಾ ಕುರಿತು ಒಂದೇ ಒಂದು ಮಾತಿಲ್ಲದ ಅನಿಮೇಶನ್ ತಯಾರಿಸಿದರು. ತರ್ಜುಮೆಯ ಅಗತ್ಯವೇ ಬೀಳದಂತೆ.

ಆದರೆ ಈ ವಿಷಯದಲ್ಲಿ ನಾವು ದೂರದ ಅಮೇರಿಕಕ್ಕೆ ಹೋಗಬೇಕಾಗಿಲ್ಲ. ಮೀನಾ ನೆನಪಿದ್ದಾಳೆಯೇ? ತೊಂಬತ್ತರ ದಶಕದಲ್ಲಿ ಯುನಿಸೆಫ್ ದಕ್ಷಿಣ ಏಷ್ಯಾಕ್ಕಾಗಿ ರೂಪಿಸಿದ, ರಾಜುವೆಂಬ ತಮ್ಮನೂ ಮಿಠ್ಠು ಎಂಬ ಗಿಳಿಯೂ ಜೊತೆಗಿದ್ದ ಆ ಹಳ್ಳಿ ಹುಡುಗಿ. ಆಕೆಗೆ ರೂಪು ಕೊಟ್ಟವರು ನಮ್ಮವರೇ ಆದ ರಾಮ್ ಮೋಹನ್. 1956ರಲ್ಲಿ ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ಘಟಕ ಸೇರಿ, ಭಾರತೀಯ ಅನಿಮೇಶನ್ನಿಗೆ ಆಧಾರಸ್ತಂಭವಾಗಿ ಬಾಳಿ, 2019ರಲ್ಲಿ ತೀರಿಕೊಂಡ ಕಲಾವಿದ. ಮೀನಾಳನ್ನು ಚಿತ್ರಿಸುವ ಮುನ್ನ ಬಾಂಗ್ಲಾದೇಶ, ಭಾರತ, ಪಾಕಿಸ್ತಾನ, ನೇಪಾಳಗಳ ಹಳ್ಳಿಗಳಲ್ಲಿ ಕರಡು ಚಿತ್ರಗಳನ್ನು ಜನರಿಗೆ ತೋರಿಸಿ ಅಭಿಪ್ರಾಯ ಕೇಳಲಾಯಿತು. ಹುಡುಗಿಯ ಹೆಸರು ಯಾವ ದೇಶಕ್ಕೂ ಯಾವ ಧರ್ಮಕ್ಕೂ ಪರಕೀಯವಾಗಬಾರದು. ಉಡುಪು ನೋಡಿ ಯಾವ ತಾಯಿಯೂ ಇವಳು ನಮ್ಮವಳಲ್ಲ ಎನ್ನಬಾರದು. ಇಷ್ಟು ಶ್ರಮ ಪಟ್ಟದ್ದರಿಂದಲೇ ಮೀನಾ ಢಾಕಾದ ಮನೆಯಲ್ಲಿಯೂ ಕಠ್ಮಂಡುವಿನ ಮನೆಯಲ್ಲಿಯೂ ಮಗಳಾದಳು. ಮಾವಿನ ಹಣ್ಣು ಹಂಚುವ ಕಂತಿನಲ್ಲಿ, ರಾಜುವಿಗೆ ದೊಡ್ಡ ಪಾಲು ಸಿಗುವುದೇಕೆಂದು ಮೀನಾ ಕೇಳುತ್ತಾಳೆ, ಒಂದು ದಿನ ಅಕ್ಕ ತಮ್ಮ ಕೆಲಸವನ್ನೂ ಊಟವನ್ನೂ ಅದಲು ಬದಲು ಮಾಡಿಕೊಳ್ಳುತ್ತಾರೆ. ರಕ್ತಹೀನತೆಯ ಬಗ್ಗೆ ನಮ್ಮ ಎಷ್ಟು ಭಾಷಣಗಳು ಆ ಒಂದು ಮಾವಿನ ಹಣ್ಣಿಗೆ ಸಮವಾದಾವು? ಬಡಿಸುವ ಕೈಯೇ ರೋಗ ಹಂಚುತ್ತದೆಂದು ಹೇಳದೆಯೇ ಅದು ಹೇಳಿತು. ಅಂದಹಾಗೆ, ಗಂಡಸರ ಊಟ ಮುಗಿದ ಮೇಲೆ ಉಳಿದುದನ್ನು ತಿನ್ನುವ ಪದ್ಧತಿ ನಮ್ಮ ಮನೆಗಳಲ್ಲಿ ಪೂರ್ತಿ ಹೋಗಿದೆಯೆಂದು ನಾವು ಎದೆ ತಟ್ಟಿ ಹೇಳಲಾರೆವು.

ಚಿತ್ರ ಬರೆಯುವವನ ಮನಸ್ಸು ಚಿತ್ರದೊಳಗೆ ಇಳಿಯುತ್ತದೆ. ಇದಕ್ಕೆ ಕಹಿ ಉದಾಹರಣೆ 2020ರದ್ದೇ. ಕೊರೋನಾದ ಆರಂಭದ ದಿನಗಳಲ್ಲಿ ಒಂದು ಪ್ರತಿಷ್ಠಿತ ಆಂಗ್ಲ ದೈನಿಕವು ವೈರಸ್ಸಿಗೆ ಮುಸ್ಲಿಮರದ್ದೆಂದು ಗುರುತಿಸಬಹುದಾದ ಉಡುಪು ತೊಡಿಸಿ ವ್ಯಂಗ್ಯಚಿತ್ರ ಪ್ರಕಟಿಸಿತು. ಆಕ್ಷೇಪ ಬಂದ ಮೇಲೆ ಅದನ್ನು ಬದಲಾಯಿಸಿತು ಎಂಬುದು ಬೇರೆ ಮಾತು. ಅದಾದ ಕೆಲವೇ ದಿನಗಳಲ್ಲಿ ತಬ್ಲೀಗ್ ಜಮಾಅತಿನ ಹೆಸರಲ್ಲಿ ಒಂದು ಸಮುದಾಯವನ್ನೇ ರೋಗಾಣುವಾಗಿಸುವ ಅಭಿಯಾನ ಟಿವಿ ಪರದೆಗಳನ್ನು ತುಂಬಿತು. ತರಕಾರಿ ಮಾರುವವನ ಹೆಸರು ಕೇಳಿ ಗಾಡಿ ಹಿಂದಕ್ಕೆ ಕಳುಹಿಸಲಾಯಿತು. ಜಮಾಅತಿನಲ್ಲಿ ಪಾಲ್ಗೊಂಡ ವಿದೇಶೀಯರ ಮೇಲಿನ ಪ್ರಕರಣಗಳನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದು ಹೇಳುವ ಹೊತ್ತಿಗೆ, ಆಗಬೇಕಾದ ಹಾನಿ ಆಗಿತ್ತು. ಆ ಬಳಿಕ ಆರೋಗ್ಯ ಕಾರ್ಯಕರ್ತೆಯೊಬ್ಬಳು ನಮ್ಮ ಬೀದಿಗೆ ಬಂದಾಗ ಬಾಗಿಲು ಅರ್ಧ ಮಾತ್ರ ತೆರೆದರೆ ಆಶ್ಚರ್ಯವೇನು?

ಥಲಸ್ಸೀಮಿಯಾದ ವಿಷಯದಲ್ಲಿಯೂ ಇದೇ ಅಪಾಯವಿದೆ. ನಾಳೆ ಯಾರಾದರೂ ಅದರ ಮೇಲೆ ಅನಿಮೇಶನ್ ಮಾಡಿ, ರೋಗಪೀಡಿತ ಮಗುವಿನ ತಂದೆಗೆ ಮಾತ್ರ ಟೋಪಿ, ತಾಯಿಗೆ ಮಾತ್ರ ಬುರ್ಖಾ ತೊಡಿಸಿದರೆ ಅದು ತಿಳುವಳಿಕೆಯಲ್ಲ, ಹಳೆಯ ಆರೋಪಪಟ್ಟಿ. ನಿಜವಾಗಿ ಸಿಂಧಿ, ಪಂಜಾಬಿ, ಗುಜರಾತಿ, ಬಂಗಾಳಿ ಹೀಗೆ ಈ ದೇಶದ ಅನೇಕ ಸಮುದಾಯಗಳಲ್ಲಿ ಈ ವಾಹಕತೆ ಇದೆ. ರಕ್ತಸಂಬಂಧದಲ್ಲಿ ಮದುವೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನು ವರಿಸುವ ಮುಸ್ಲಿಮರಲ್ಲಿ ಮಾತ್ರವಲ್ಲ, ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ದಕ್ಷಿಣದ ಹಿಂದೂ ಕುಟುಂಬಗಳಲ್ಲಿಯೂ ಇದೆ. ಹಾಗೆಂದು ನಮ್ಮಲ್ಲಿ ಸಮಸ್ಯೆಯೇ ಇಲ್ಲವೆಂದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಒಂದೇ ಕುಟುಂಬದಲ್ಲಿ ಹರಿದು ಬಂದ ಕೆಂಪು ಮಣಿ ಅದೇ ಕುಟುಂಬದ ಇಬ್ಬರ ಕೈಯಲ್ಲಿರುವ ಸಂಭವ ಹೆಚ್ಚು. ಇರಾನ್ 1997ರಿಂದ ವಿವಾಹಪೂರ್ವ ಥಲಸ್ಸೀಮಿಯಾ ಪರೀಕ್ಷೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಸಿತು. ಸೌದಿ ಅರೇಬಿಯಾ 2004ರಲ್ಲಿ ಕಡ್ಡಾಯಗೊಳಿಸಿತು, ಫಲಿತಾಂಶ ತಿಳಿದ ಮೇಲೆ ಮದುವೆಯಾಗುವುದೋ ಬಿಡುವುದೋ ವಧೂವರರಿಗೇ ಬಿಟ್ಟದ್ದು. ಅಲ್ಲಿ ಧರ್ಮಕ್ಕೆ ಅಡ್ಡಿಯಾಗದ ಒಂದು ರಕ್ತ ಪರೀಕ್ಷೆ ನಮ್ಮ ನಿಶ್ಚಿತಾರ್ಥಗಳಲ್ಲಿ ಮಾತ್ರ ಅಪಶಕುನವಾಗುವುದು ಹೇಗೆ?

ಚಿತ್ರ ಎಂದ ಕೂಡಲೇ ಕೆಲವು ಹಿರಿಯರ ಹುಬ್ಬು ಗಂಟಿಕ್ಕುವುದುಂಟು. ಜೀವಿಗಳ ಚಿತ್ರದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಹಝ್ರತ್ ಆಯಿಶಾ(ರ) ಬಾಲ್ಯದಲ್ಲಿ ಬೊಂಬೆಗಳೊಂದಿಗೆ ಆಡುತ್ತಿದ್ದುದನ್ನು ಪ್ರವಾದಿವರ್ಯರು(ಸ) ಆಕ್ಷೇಪಿಸಲಿಲ್ಲವೆಂಬ ವರದಿಯ ಆಧಾರದಲ್ಲಿ ಶಿಕ್ಷಣದ ಉದ್ದೇಶಕ್ಕೆ ರಿಯಾಯಿತಿಯನ್ನು ಒಪ್ಪಿದವರು ಸಾಕಷ್ಟಿದ್ದಾರೆ. ಮೂತ್ರಪಿಂಡದ ಜಾಲರಿಗೆ ಕಣ್ಣು ಮೂಗು ಬರೆಯಬೇಕಾದ ಅಗತ್ಯವೂ ಇಲ್ಲ ಬಿಡಿ.

ವಾಸ್ತವದಲ್ಲಿ ಲಜ್ಜೆಯನ್ನು ಮುಖ್ಯವಾಗಿ ಕಾಣುವ ಸಮಾಜಕ್ಕೆ ಅನಿಮೇಶನ್ ಹೆಚ್ಚು ಒಗ್ಗುತ್ತದೆ. ಪಿಯಾ ಸೋರ್ಕರ್ ಎಂಬ ಭಾರತೀಯ ಮೂಲದ ಸಂಶೋಧಕಿ 2009ರಲ್ಲಿ ಆರಂಭಿಸಿದ ಟೀಚ್‌ಏಡ್ಸ್ ಸಂಸ್ಥೆ ಎಚ್‌ಐವಿ ಕುರಿತ ಪಾಠಗಳನ್ನು ಅನಿಮೇಶನ್ನಿನಲ್ಲಿ ತಯಾರಿಸಿ ಭಾರತದ ಹಲವು ಭಾಷೆಗಳಿಗೆ ತಂದಿತು. ಲೈಂಗಿಕ ಶಿಕ್ಷಣದ ಹೆಸರೆತ್ತಿದರೆ 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಗದ್ದಲವೆದ್ದಿದ್ದ ಕಾಲವದು. ನಿಜ ದೇಹಗಳ ಬದಲು ಬರೆದ ಆಕೃತಿಗಳು, ಅಸಭ್ಯವೆನಿಸದ ಹೋಲಿಕೆಗಳು, ಗೌರವಾನ್ವಿತ ಕಲಾವಿದರ ದನಿ. ತರಗತಿಯಲ್ಲಿ ತಲೆ ತಗ್ಗಿಸದೆ ನೋಡಬಹುದಾದುದನ್ನು ಅದು ಕೊಟ್ಟಿತು. ಗರ್ಭಕೋಶದ ಕಾಯಿಲೆ, ಸ್ತನದ ಗಂಟು, ಪ್ರಸವಾನಂತರದ ಖಿನ್ನತೆಗಳ ಬಗ್ಗೆ ಗಂಡನಲ್ಲಿಯೂ ಹೇಳಿಕೊಳ್ಳಲಾಗದೆ ನವೆಯುವ ನಮ್ಮ ಸಹೋದರಿಯರಿಗೆ ಇಂಥದೊಂದು ಸಾಧನ ಎಷ್ಟು ದೊಡ್ಡ ನೆರವು!

ಹಾಗಾದರೆ ಅನಿಮೇಶನ್ ತೋರಿಸಿದರೆ ಎಲ್ಲವೂ ಸರಿಹೋದೀತೇ? ಇಲ್ಲ. ಪಶ್ಚಿಮ ಉತ್ತರ ಪ್ರದೇಶದ ಪೋಲಿಯೋ ಕಥೆ ನಮ್ಮ ಮುಂದಿದೆ. 2002ರಲ್ಲಿ ದೇಶದಲ್ಲಿ 1,600 ಮಕ್ಕಳಿಗೆ ಪೋಲಿಯೋ ತಗಲಿತು, ಅವರಲ್ಲಿ ಬಹುಪಾಲು ಉತ್ತರ ಪ್ರದೇಶದವರು. ಹನಿ ಹಾಕಿಸಿದರೆ ಸಂತಾನವಾಗದೆಂಬ ವದಂತಿ ಮುಸ್ಲಿಮ್ ಮೊಹಲ್ಲಾಗಳಲ್ಲಿ ಹಬ್ಬಿತ್ತು. ಜಾಹೀರಾತುಗಳಿಗೆ, ಭಿತ್ತಿಪತ್ರಗಳಿಗೆ ಕೊರತೆಯಿರಲಿಲ್ಲ. ಬಾಗಿಲು ತೆರೆದದ್ದು ಆಲಿಮರು ಕರೆ ಕೊಟ್ಟಾಗ, ಮಸೀದಿಯ ಮೈಕಿನಲ್ಲಿ ಘೋಷಣೆಯಾದಾಗ, ಅಲೀಗಢ ಮತ್ತು ಜಾಮಿಯಾ ವಿಶ್ವವಿದ್ಯಾನಿಲಯಗಳು ಕೈಜೋಡಿಸಿದಾಗ, ಅದೇ ಬೀದಿಯ ಹೆಣ್ಣುಮಕ್ಕಳು ಮನೆ ಮನೆ ಹತ್ತಿದಾಗ. 2011ರ ಜನವರಿಯಲ್ಲಿ ಕೊನೆಯ ಪ್ರಕರಣ ಕಂಡ ಭಾರತ 2014ರ ಮಾರ್ಚ್ 27ರಂದು ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಚಿತ್ರವನ್ನು ಯಾರ ಕೈಯಿಂದ ನೋಡುತ್ತೇವೆಂಬುದು ಚಿತ್ರದಷ್ಟೇ ಮುಖ್ಯ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಅನಿಮೇಶನ್ ಸತ್ಯವನ್ನು ಎಷ್ಟು ಚೆನ್ನಾಗಿ ತೋರಿಸುತ್ತದೋ ಸುಳ್ಳನ್ನೂ ಅಷ್ಟೇ ಚೆನ್ನಾಗಿ ತೋರಿಸುತ್ತದೆ. ಹೃದಯದ ರಕ್ತನಾಳದಲ್ಲಿ ಕಟ್ಟಿದ ಕೊಬ್ಬು ಯಾವುದೋ ಕಷಾಯ ಕುಡಿದೊಡನೆ ಕರಗಿ ಹರಿದುಹೋಗುವ ವೀಡಿಯೊಗಳು ವಾಟ್ಸ್‌ಆ್ಯಪಿನಲ್ಲಿ ದಿನವೂ ಬರುತ್ತವೆ. ಚರಂಡಿ ಶುಚಿಯಾದಂತೆ ರಕ್ತನಾಳ ಶುಚಿಯಾಗುವುದನ್ನು ಕಣ್ಣಾರೆ ಕಂಡ ಮೇಲೆ ವೈದ್ಯರ ಮಾತನ್ನು ಯಾರು ಕೇಳುತ್ತಾರೆ? ಕರಿಜೀರಿಗೆಯ ಡಬ್ಬದ ಮೇಲೆ ಹದೀಸ್ ಅಚ್ಚು ಹಾಕಿ, ಜೊತೆಗೊಂದು ಅನಿಮೇಶನ್ ಸೇರಿಸಿ, ಇನ್ಸುಲಿನ್ ಬಿಡಿಸುವ ವ್ಯಾಪಾರಿಗಳು ನಮ್ಮ ಸಮುದಾಯದೊಳಗೇ ಇದ್ದಾರೆ. ಇವರನ್ನು ಜುಮಾ ಖುತ್ಬಾದಲ್ಲಿ ಹೆಸರಿಸುವ ಧೈರ್ಯ ಬೇಡ, ಅವರ ವೀಡಿಯೊವನ್ನು ಮುಂದಕ್ಕೆ ಕಳುಹಿಸದಿರುವ ಸಂಯಮವಾದರೂ ಬೇಡವೇ? ಯಾರು ತಯಾರಿಸಿದರು, ಯಾವ ಆಸ್ಪತ್ರೆ ಅಥವಾ ಇಲಾಖೆ ಹೊಣೆ ಹೊತ್ತಿದೆ, ಕೊನೆಯಲ್ಲಿ ಏನನ್ನಾದರೂ ಮಾರುತ್ತಿದೆಯೇ, ಇಷ್ಟನ್ನು ನೋಡಿದರೆ ಬಹುಪಾಲು ಸುಳ್ಳು ಅಲ್ಲಿಯೇ ಬಯಲಾಗುತ್ತದೆ.

ಕರ್ನಾಟಕ ಸರಕಾರವು 2012ರಲ್ಲಿಯೇ ಅನಿಮೇಶನ್, ಗೇಮಿಂಗ್ ಮೊದಲಾದ ಕ್ಷೇತ್ರಗಳಿಗೆ ಪ್ರತ್ಯೇಕ ನೀತಿ ರೂಪಿಸಿತು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಪರದೇಶದ ಸಿನಿಮಾಗಳಿಗೆ ಡ್ರ್ಯಾಗನ್‌ಗಳನ್ನು ಹಾರಿಸುವ ಯುವಕರಲ್ಲಿ ನಮ್ಮ ಊರುಗಳ ಮುಸ್ಲಿಮ್ ಹುಡುಗ ಹುಡುಗಿಯರೂ ಇದ್ದಾರೆ. ಇಷ್ಟು ಕೈಗಳಿರುವ ರಾಜ್ಯದ ಆರೋಗ್ಯ ಇಲಾಖೆ ಕ್ಷಯ, ಸಕ್ಕರೆ ಕಾಯಿಲೆ, ರಕ್ತಹೀನತೆ, ಥಲಸ್ಸೀಮಿಯಾ ಈ ನಾಲ್ಕರ ಮೇಲಾದರೂ ಒಳ್ಳೆಯ ಕಿರುಚಿತ್ರಗಳನ್ನು ಮಾಡಿಸಿ, ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ, ದಖ್ಖನಿ, ಲಂಬಾಣಿಗಳಲ್ಲಿ ದನಿ ಕೊಡಿಸಿ, ಆಶಾ ಕಾರ್ಯಕರ್ತೆಯರ ಫೋನಿಗೆ ತಲುಪಿಸಬೇಕೆಂದು ನಾವು ಆಗ್ರಹಿಸುತ್ತೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಥಲಸ್ಸೀಮಿಯಾ ಸೇರಿದೆಯೆಂಬುದೇ ಎಷ್ಟೋ ಹೆತ್ತವರಿಗೆ ತಿಳಿದಿಲ್ಲ, ಅದನ್ನೂ ಆ ಚಿತ್ರದ ಕೊನೆಯಲ್ಲಿ ಹೇಳಬಹುದು. ಇಲಾಖೆ ಏಳುವವರೆಗೆ ನಮ್ಮ ಜಮಾಅತ್‌ಗಳು ಕಾಯಬೇಕಾಗಿಲ್ಲ. ಮದುವೆ ಹಾಲ್‌ಗಳಲ್ಲಿ ಪ್ರೊಜೆಕ್ಟರ್ ಇದೆ, ಮಗ್ರಿಬ್ ಮತ್ತು ಇಶಾ ನಡುವೆ ಸಮಯವಿದೆ, ಮಹಿಳೆಯರಿಗೆ ಪ್ರತ್ಯೇಕ ದಿನವಿಡಬಹುದು. ನೋಡಿದ ಬಳಿಕ ಪ್ರಶ್ನೆ ಕೇಳಲು ಒಬ್ಬ ವೈದ್ಯೆ ಅಲ್ಲಿ ಕುಳಿತಿರಬೇಕು. ಪ್ರಶ್ನೆಗಳು ಆ ಹೊತ್ತಿನಲ್ಲಿಯೇ ಹುಟ್ಟುವುದು. ತಯಾರಿಸುವವರಿಗೂ ಒಂದು ಮಾತು: ಬಿಡುಗಡೆಗೆ ಮುನ್ನ ಅದನ್ನು ಸಚಿವರಿಗಲ್ಲ, ಒಬ್ಬ ದಾದಿಗೆ ತೋರಿಸಿ, ಏನು ಅರ್ಥವಾಯಿತೆಂದು ಆಕೆಯ ಬಾಯಿಂದಲೇ ಕೇಳಿ.

ನಾವು ಹೇಳಿದ ಕುಟುಂಬದ ದಾದಿಗೆ, ರಕ್ತನಿಧಿಯ ಸ್ವಯಂಸೇವಕನೊಬ್ಬ ತನ್ನ ಮೊಬೈಲಿನಲ್ಲಿ ಥಲಸ್ಸೀಮಿಯಾದ ಒಂದು ಇಂಗ್ಲಿಷ್ ಅನಿಮೇಶನ್ ತೋರಿಸಿದ್ದ. ಅದರಲ್ಲಿ ಬಿಳಿಯರ ಮನೆ, ಬಿಳಿಯ ಮಕ್ಕಳು. "ಬೇಟಾ, ಇದು ಅವರಿಗೂ ಬರುತ್ತದೆಯೇ?" ಎಂದು ಆಕೆ ಕೇಳಿದರಂತೆ. ಆತ ದನಿ ನಿಲ್ಲಿಸಿ, ಚಿತ್ರವನ್ನು ಮತ್ತೆ ಮತ್ತೆ ತಡೆದು, ದಖ್ಖನಿಯಲ್ಲಿ ತಾನೇ ವಿವರಿಸಿದ. ಮೂರನೆಯ ಸಲ ನೋಡಿದ ಮೇಲೆ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಸೊಸೆಯನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡರು. ಕಿರಿಯ ಮಗನಿಗೆ ತಂಗಿಯ ಮಗಳನ್ನು ತರುವ ಮಾತು ಆ ಮನೆಯಲ್ಲಿ ಮೂರು ವರ್ಷಗಳಿಂದ ನಡೆದಿತ್ತು. ಕಳೆದ ವಾರ ಇಬ್ಬರ ರಕ್ತವನ್ನೂ ಹಿಮೋಗ್ಲೋಬಿನ್ ಎ2 ಪರೀಕ್ಷೆಗೆ ಕೊಟ್ಟು ಬಂದಿದ್ದಾರೆ. ವರದಿ ಇನ್ನೂ ಬರಬೇಕಾಗಿದೆ.